ಬೇಸಿಗೆ ರಜೆಗೆ ಬೊಹೊಲ್ ದ್ವೀಪ: ಮಕ್ಕಳು, ಅಜ್ಜಿ ಸಮೇತ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಿಪ್ಪೀನ್ಸ್‌ಗೆ ಹೋಗಿ ಬಂದೆವು ಅಂದಿದ್ದೇ ತಡ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಸ್ಕೂಲ್ ಗೇಟಿನ ಮುಂದೆ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾವು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ, ಐದು ಜನ. ನಾವಿಬ್ಬರು, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಮತ್ತೆ ನಮ್ಮ ಅತ್ತೆ. ಅತ್ತೆಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ನಿಮ್ಮ ಮನೆಯೂ ಹೆಚ್ಚುಕಡಿಮೆ ಹೀಗೇ ಇದ್ದರೆ ಮುಂದೆ ಓದಿ.

ಏಳು ಸಾವಿರ ದ್ವೀಪ ಇರುವ ದೇಶದಲ್ಲಿ ಬೊಹೊಲ್ಲೇ ಯಾಕೆ?

ಸರಿಯಾಗಿ ಹೇಳಬೇಕೆಂದರೆ 7,641. ಅದರಲ್ಲಿ ನಮ್ಮವರ ಕಿವಿಗೆ ಬಿದ್ದಿರುವುದು ಬೊರಾಕಾಯ್, ಪಲಾವಾನ್, ಈಚೆಗೆ ಸಿಯಾರ್ಗಾವ್. ಬೊರಾಕಾಯ್‌ನ ಬಿಳಿ ಮರಳು ನಿಜಕ್ಕೂ ಚೆಂದ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಒಂದೇ ದಂಡೆ. ಆದರೆ ಮೂರನೇ ದಿನಕ್ಕೆ ಮಕ್ಕಳು "ಇನ್ನೇನಿದೆ?" ಅಂತ ಶುರು ಮಾಡುತ್ತಾರೆ. ಪಲಾವಾನ್‌ನ ಎಲ್ ನಿದೋದಲ್ಲಿ ದಿನವಿಡೀ ದೋಣಿಯಲ್ಲೇ ಇರಬೇಕು, ಅಜ್ಜಿಯಂದಿರಿಗೆ ಅದು ಕಷ್ಟ. ಸಿಯಾರ್ಗಾವ್ ಅಲೆ ಸವಾರಿ ಮಾಡುವ ಹುಡುಗರ ಊರು.

ಬೊಹೊಲ್‌ನಲ್ಲಿ ಸಮುದ್ರ ಬೇಡ ಅನಿಸಿದ ದಿನ ಒಳನಾಡಿಗೆ ಹೋಗಬಹುದು. ಗುಡ್ಡ, ಹೊಳೆ, ಕಾಡು, ಗದ್ದೆ, ಹಳೇ ಚರ್ಚು, ಗುಹೆ ಎಲ್ಲ ಇದೆ. ನೀರಿಗೆ ಇಳಿಯದವರಿಗೂ ಕೆಲಸ ಇರುವ ದ್ವೀಪ ಇದು.

ಏಪ್ರಿಲ್–ಮೇ ತಿಂಗಳಲ್ಲಿ ಹವಾಮಾನ ಹೇಗಿರುತ್ತದೆ? ಚಂಡಮಾರುತದ ಭಯ ಇಲ್ವಾ?

ನಮ್ಮ ಶಾಲೆಗಳ ರಜೆಗೂ ಅಲ್ಲಿನ ಬೇಸಿಗೆಗೂ ಹೇಳಿ ಮಾಡಿಸಿದ ಹಾಗೆ ಜೋಡಿ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ಬಿಸಿಲುಗಾಲ, ಸಮುದ್ರ ಶಾಂತ. ಬಿರುಗಾಳಿಗಳು ಜಾಸ್ತಿ ಬರುವುದು ಜೂನ್ ನಂತರ. ಆಗ ಬೀಸುವ ನೈಋತ್ಯ ಮಾರುತವನ್ನು ಅಲ್ಲಿಯವರು ಹಬಗಾತ್ ಎನ್ನುತ್ತಾರೆ, ನಮ್ಮ ಮುಂಗಾರಿನ ಸೋದರ ಸಂಬಂಧಿ. ಬೊಹೊಲ್ ಪೂರ್ತಿ ಪಾರಾದ ಊರೇನಲ್ಲ. 2021ರ ಡಿಸೆಂಬರ್‌ನಲ್ಲಿ ಒಡೆಟ್ ಎಂಬ ಚಂಡಮಾರುತ ಇಲ್ಲಿ ದೊಡ್ಡ ಹಾನಿ ಮಾಡಿತ್ತು.

ಸೆಕೆ ಮಾತ್ರ ಮಂಗಳೂರಿನ ಮೇ ತಿಂಗಳು ಅಂತ ತಿಳಿದುಕೊಳ್ಳಿ. ಬೆಂಗಳೂರಿನವರಿಗೆ ಮೊದಲ ಎರಡು ದಿನ ತಲೆ ಕೆಡುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದು ಹತ್ತರೊಳಗೆ ಹೊರಗಿನ ಕೆಲಸ ಮುಗಿಸಿ, ಮಧ್ಯಾಹ್ನ ಫ್ಯಾನ್ ಕೆಳಗೆ ಮಲಗಿ, ನಾಲ್ಕಕ್ಕೆ ಮತ್ತೆ ದಂಡೆಗೆ ಹೋಗುವುದು. ನಾವು ಇಡೀ ವಾರ ಹಾಗೇ ಬದುಕಿದೆವು. ಅಲ್ಲಿಯವರೂ ಹಾಗೇ ಬದುಕುತ್ತಾರೆ.

ಒಂದು ಎಚ್ಚರಿಕೆ. ಈಸ್ಟರ್ ವಾರ ಬಿಟ್ಟು ಹೋಗಿ. ಇಡೀ ದೇಶ ಊರಿಗೆ ಹೊರಟಿರುತ್ತದೆ, ಫೆರಿ ಟಿಕೆಟ್ ಸಿಗುವುದಿಲ್ಲ, ಗುಡ್ ಫ್ರೈಡೆ ದಿನ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಮೇ ತಿಂಗಳು ಬೊಹೊಲ್‌ಗೆ ಹಬ್ಬದ ತಿಂಗಳು. ಮೇ 1ಕ್ಕೆ ಟಾಗ್ಬಿಲಾರನ್ ಪಟ್ಟಣದ ಫಿಯೆಸ್ಟಾ, ಆಮೇಲೆ ದಿನಕ್ಕೊಂದು ಊರಿನ ಸರದಿ. ನಮ್ಮ ಊರಹಬ್ಬದ ಹಾಗೆ ದೂರ ಇರುವ ಮಕ್ಕಳೆಲ್ಲ ಊರಿಗೆ ಬರುತ್ತಾರೆ, ಗುರುತಿಲ್ಲದವರನ್ನೂ ಊಟಕ್ಕೆ ಕರೆಯುತ್ತಾರೆ.

ವೀಸಾ ಬೇಕಾ?

2025ರ ಜೂನ್ 8ರಿಂದ ಭಾರತೀಯ ಪ್ರವಾಸಿಗರಿಗೆ 14 ದಿನದವರೆಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದ್ದಾರೆ. ಆರು ತಿಂಗಳಾದರೂ ಚಾಲ್ತಿ ಇರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿಗೆ ಹಣ ಇದೆ ಎನ್ನುವ ಪುರಾವೆ ಬೇಕು. ಈ 14 ದಿನವನ್ನು ಅಲ್ಲಿ ಹೋಗಿ ವಿಸ್ತರಿಸಲು ಆಗುವುದಿಲ್ಲ. ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಷೆಂಗೆನ್, ಸಿಂಗಾಪುರ, ಬ್ರಿಟನ್ ಇವುಗಳಲ್ಲಿ ಒಂದರ ಚಾಲ್ತಿ ವೀಸಾ ಇದ್ದವರಿಗೆ 30 ದಿನ. ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ರಾಯಭಾರ ಕಚೇರಿಯ ತಾಣ ಒಮ್ಮೆ ನೋಡಿಬಿಡಿ.

ಇದರ ಜೊತೆಗೆ ಇ-ಟ್ರಾವೆಲ್ ಎಂಬ ನೋಂದಣಿ ಕಡ್ಡಾಯ. ಅಲ್ಲಿಗೆ ತಲುಪುವ 72 ಗಂಟೆಯೊಳಗೆ ಫಾರ್ಮ್ ತುಂಬಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಬೇಕು, ಮಕ್ಕಳಿಗೂ ಸೇರಿ. ಇದು ಉಚಿತ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಕಾಂಗ್‌ನಲ್ಲಿ ಇಳಿದು ವಿಮಾನ ಬದಲಿಸುವುದು ವಾಡಿಕೆ. ಅಲ್ಲಿಂದ ಎರಡು ದಾರಿ. ಮನಿಲಾಗೆ ಹೋಗಿ, ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಬೊಹೊಲ್–ಪಂಗ್ಲಾವ್ ನಿಲ್ದಾಣಕ್ಕೆ ಇಳಿಯಬಹುದು. 2018ರಲ್ಲಿ ಶುರುವಾದ ಈ ನಿಲ್ದಾಣದಿಂದ ಬೀಚ್ ಹತ್ತಿರವೇ. ಇಲ್ಲವೇ ಸೆಬು ದ್ವೀಪಕ್ಕೆ ಇಳಿದು, ಅಲ್ಲಿನ ಬಂದರಿನಿಂದ ವೇಗದ ಫೆರಿಯಲ್ಲಿ ಟಾಗ್ಬಿಲಾರನ್‌ಗೆ ಬರಬಹುದು, ಸುಮಾರು ಎರಡು ಗಂಟೆ.

ನಾವು ಹೋಗುವಾಗ ಮನಿಲಾ, ಬರುವಾಗ ಸೆಬು ಮಾಡಿದೆವು. ನನ್ನನ್ನು ಕೇಳಿದರೆ ಫೆರಿಯೇ ಮೇಲು. ಮನಿಲಾದಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಪ್ರವಾಸ. ಟ್ರಾಫಿಕ್ಕಿನಲ್ಲಿ ಕೂತು ಅತ್ತೆ "ಇದು ಸಿಲ್ಕ್ ಬೋರ್ಡೇ ಅಲ್ವಾ?" ಅಂದರು. ಎರಡು ವಿಮಾನಗಳ ನಡುವೆ ನಾಲ್ಕು ಗಂಟೆಯಾದರೂ ಇರಲಿ.

ಎಷ್ಟು ದಿನ ಬೇಕು? ಜೊತೆಗೆ ಬೊರಾಕಾಯ್ ಕೂಡ ಮುಗಿಸಬಹುದಾ?

ಮುಗಿಸಬಹುದು. ಮಾಡಬೇಡಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದೆಂದರೆ ಪ್ಯಾಕಿಂಗ್, ವ್ಯಾನ್, ನಿಲ್ದಾಣ, ವಿಮಾನ, ಮತ್ತೆ ವ್ಯಾನ್. ಒಂದು ದಿನ ಪೂರ್ತಿ ಹೋಯಿತು. ಬೊಹೊಲ್ ಒಂದಕ್ಕೇ ಆರು ರಾತ್ರಿ ಇಡಿ. ಮೂರು ದಿನ ಸಮುದ್ರ, ಎರಡು ದಿನ ಒಳನಾಡು, ಒಂದು ದಿನ ಸುಮ್ನೆ. ಆ ಸುಮ್ನೆ ಕೂತ ದಿನವೇ ನಮ್ಮ ಮಗ ದಂಡೆಯ ಮೇಲೆ ಮೂರು ಸ್ಥಳೀಯ ಹುಡುಗರ ಜೊತೆ ತೆಂಗಿನ ಗರಿ ನೆಟ್ಟು ಕೋಟೆ ಕಟ್ಟಿದ್ದು. ಅವರಿಗೆ ಇವನ ಭಾಷೆ ಬಾರದು, ಇವನಿಗೆ ಅವರದು ಬಾರದು. ಸಂಜೆ ನೀರು ಏರಿ ಕೋಟೆ ಕೊಚ್ಚಿಕೊಂಡು ಹೋದಾಗ ನಾಲ್ವರೂ ಒಟ್ಟಿಗೆ ಕಿರುಚಿದರು. ಊರಿಗೆ ಬಂದ ಮೇಲೆ ಅವನು ಎಲ್ಲರಿಗೂ ಮೊದಲು ಹೇಳುವುದು ಅದನ್ನೇ.

ಎಲ್ಲಿ ಉಳಿಯುವುದು ಒಳ್ಳೆಯದು?

ಪಂಗ್ಲಾವ್‌ನಲ್ಲಿ. ಇದು ಬೊಹೊಲ್‌ಗೆ ಸೇತುವೆಗಳಿಂದ ಅಂಟಿಕೊಂಡ ಚಿಕ್ಕ ದ್ವೀಪ. ಅಲೋನಾ ಬೀಚಿನಲ್ಲಿ ಹೋಟೆಲು, ಡೈವಿಂಗ್ ಅಂಗಡಿ, ರಾತ್ರಿ ಹಾಡು ಎಲ್ಲ ಜಾಸ್ತಿ. ಮಕ್ಕಳಿರುವವರಿಗೆ ದುಮಾಲುವಾನ್ ಬೀಚಿನ ಕಡೆ ವಾಸಿ. ಮರಳು ಅಗಲ, ಗದ್ದಲ ಕಡಿಮೆ. ನಾವು ಅಲೋನಾದಿಂದ ಹತ್ತು ನಿಮಿಷ ಒಳಗೆ, ಅಡಿಗೆಮನೆ ಇರುವ ಒಂದು ಮನೆ ಹಿಡಿದಿದ್ದೆವು. ಯಾಕೆ ಅಂತ ಊಟದ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಸಮುದ್ರ ಮಕ್ಕಳಿಗೆ ಸುರಕ್ಷಿತವೇ?

ಅರಬ್ಬಿ ಸಮುದ್ರದ ಅಲೆ ನೋಡಿ ಬೆಳೆದವರಿಗೆ ಇದು ಕೆರೆ ಅನಿಸುತ್ತದೆ. ದಂಡೆಯಿಂದ ದೂರದವರೆಗೂ ಮೊಣಕಾಲಷ್ಟೇ ನೀರು, ಕೆಳಗಿನ ಮರಳು ಎಣಿಸಬಹುದು. ತೊಂದರೆ ಇರುವುದು ಇಳಿತದ ಹೊತ್ತಿನಲ್ಲಿ. ನೀರು ಹಿಂದೆ ಸರಿದಾಗ ಸಮುದ್ರದ ಹುಲ್ಲು, ಕಲ್ಲು, ಅದರ ನಡುವೆ ಕಪ್ಪು ಮುಳ್ಳಿನ ಚೆಂಡಿನಂಥ ಕಡಲ ಮುಳ್ಳುಜೀವಿ ಬಯಲಾಗುತ್ತವೆ. ಅಲ್ಲಿ ಅದಕ್ಕೆ ತುಯೊಮ್ ಎನ್ನುತ್ತಾರೆ.

ಎರಡನೇ ದಿನವೇ ಮಗ ಚಪ್ಪಲಿ ಬಿಸಾಡಿ ಓಡಿದ, ಕಾಲಿಟ್ಟ. ಹಿಮ್ಮಡಿಯಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಟ್ಟ ಹಾಗೆ ಏಳು ಕಪ್ಪು ಗುರುತು. ಅವನ ಅಳು ಕೇಳಿ ದೋಣಿ ತಿಕ್ಕುತ್ತಿದ್ದ ಒಬ್ಬ ವಯಸ್ಸಾದವರು ಬಂದರು. ದೋಣಿಯಿಂದ ಹಳೇ ಸೋಡಾ ಬಾಟಲಿ ತಂದು ಅದರಲ್ಲಿದ್ದ ವಿನೆಗರ್ ಸುರಿದು, ಬಟ್ಟೆ ಒತ್ತಿ ಹಿಡಿದು, ಏನೋ ಹಾಡು ಗುನುಗುತ್ತಾ ಅರ್ಧ ಗಂಟೆ ಕೂತರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಮಾರನೇ ದಿನ ಮಗ ಕುಂಟುತ್ತಾ ಆಡಿದ, ಮೂರನೇ ದಿನ ಮರೆತ. ನೀರಿಗೆ ಹೋಗುವ ರಬ್ಬರ್ ಬೂಟು ಇಲ್ಲಿಂದಲೇ ಒಯ್ಯಿರಿ. ಏರಿಳಿತದ ಸಮಯ ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ.

ಈಜು ಬರದವರು ಬಲಿಕಸಾಗ್ ದ್ವೀಪಕ್ಕೆ ಹೋಗಬಹುದಾ?

ಹೋಗಲೇಬೇಕು. ಪಂಗ್ಲಾವ್‌ನಿಂದ ಬಾಂಕಾ ಎಂಬ ದೋಣಿಯಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಬಾಂಕಾದ ಎರಡೂ ಬದಿಗೆ ಬಿದಿರಿನ ಕೈಗಳಿವೆ, ನೀರಿನ ಮೇಲೆ ಕೂತ ದೊಡ್ಡ ಜೇಡದ ಹಾಗೆ. ಅದರಿಂದಾಗಿಯೇ ದೋಣಿ ಅಷ್ಟು ಸುಲಭವಾಗಿ ಮಗುಚುವುದಿಲ್ಲ. ಬಲಿಕಸಾಗ್‌ನ ಸುತ್ತ ಹವಳದ ಬಂಡೆ. ಸ್ವಲ್ಪ ದೂರ ಹೋದರೆ ಆ ಬಂಡೆ ಒಮ್ಮೆಲೇ ಗೋಡೆಯ ಹಾಗೆ ಆಳಕ್ಕೆ ಇಳಿಯುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಹಿಡಿದ ರಬ್ಬರ್ ಬಳೆಗೆ ಜೋತುಬಿದ್ದು, ಮುಖ ಮಾತ್ರ ನೀರಲ್ಲಿಟ್ಟರೆ ಸಾಕು. ನನಗೆ ಈಜು ಬರುವುದಿಲ್ಲ. ನನ್ನ ಕಾಲ ಕೆಳಗೇ ಒಂದು ಕಡಲಾಮೆ ಹುಲ್ಲು ಮೇಯುತ್ತಿತ್ತು. ನಮ್ಮ ಎಮ್ಮೆ ಮೇಯುವಷ್ಟೇ ನಿಧಾನಕ್ಕೆ, ಯಾರಿಗೂ ಕ್ಯಾರೇ ಅನ್ನದೆ. ಆಮೆ, ಹವಳ ಎರಡನ್ನೂ ಮುಟ್ಟಬಾರದು, ಮಕ್ಕಳಿಗೆ ಮೊದಲೇ ಹೇಳಿ.

ಬೆಳಿಗ್ಗೆ ಆರಕ್ಕೆ ಹೊರಡುವ ದೋಣಿಯನ್ನೇ ಹಿಡಿಯಿರಿ. ಮಧ್ಯಾಹ್ನ ಗಾಳಿ ಏಳುತ್ತದೆ. ಮಕ್ಕಳ ಅಳತೆಯ ಜಾಕೆಟ್ ಇದೆಯೇ ಅಂತ ಹಿಂದಿನ ದಿನವೇ ನೋಡಿ. ನಮಗೆ "ಇದೆ ಇದೆ" ಅಂದವರ ಬಳಿ ಇದ್ದದ್ದು ದೊಡ್ಡವರದು, ಮಗ ಅದರೊಳಗೆ ಆಮೆಯೇ ಆಗಿಬಿಟ್ಟಿದ್ದ. ಬೇರೆ ದೋಣಿ ಹಿಡಿದೆವು.

ಇದೇ ಸುತ್ತಿನಲ್ಲಿ ವರ್ಜಿನ್ ದ್ವೀಪದ ಮರಳ ದಿಬ್ಬವೂ ಬರುವುದುಂಟು. 2022ರ ಆಗಸ್ಟ್‌ನಲ್ಲಿ ಅಲ್ಲಿ ಪ್ರವಾಸಿಗರ ಒಂದು ಗುಂಪಿಗೆ ಊಟಕ್ಕೆ 26,000 ಪೆಸೊ ಮೀರಿದ ಬಿಲ್ ಕೊಟ್ಟಿದ್ದು ದೇಶವೆಲ್ಲ ಸುದ್ದಿಯಾಗಿ, ಸ್ವಲ್ಪ ಕಾಲ ಪ್ರವಾಸಿಗರನ್ನೇ ಬಿಡಲಿಲ್ಲ. ಎಲ್ಲೇ ಆಗಲಿ, ತಿನ್ನುವ ಮೊದಲು ಬೆಲೆ ಕೇಳಿ.

ಚಾಕೊಲೇಟ್ ಹಿಲ್ಸ್ ಫೋಟೊದಲ್ಲಿ ಇರುವ ಹಾಗೇ ಇದೆಯಾ?

ಏಪ್ರಿಲ್–ಮೇನಲ್ಲಿ ಹೋದರೆ ಇದೆ. ಈ ಗುಡ್ಡಗಳ ಮೇಲೆ ಮರ ಕಡಿಮೆ, ಬರೀ ಹುಲ್ಲು. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಒಣಗಿ ಕಂದು. ಹೆಸರು ಬಂದದ್ದು ಆ ಕಂದಿನಿಂದ. ಕಡಿಮೆಯೆಂದರೂ 1,260 ಗುಡ್ಡ, ಕೆಲವರ ಲೆಕ್ಕದಲ್ಲಿ 1,776. 50 ಚದರ ಕಿಲೋಮೀಟರಿಗೂ ಜಾಸ್ತಿ ಜಾಗದಲ್ಲಿ ಹರಡಿವೆ. ಹೆಚ್ಚಿನವು 30ರಿಂದ 50 ಮೀಟರ್ ಎತ್ತರ. ಒಂದು ಕಾಲದಲ್ಲಿ ಇದೆಲ್ಲ ಕಡಲ ತಳ. ಹವಳ, ಚಿಪ್ಪು ಸೇರಿ ಸುಣ್ಣಕಲ್ಲಾಗಿ, ನೆಲ ಮೇಲೆದ್ದ ಮೇಲೆ ಮಳೆನೀರು ಕೊರೆದು ಕೊರೆದು ಉಳಿದದ್ದು ಈ ದಿಬ್ಬಗಳು. ಊರಿನವರ ಕತೆ ಬೇರೆ. ಆರೋಗೊ ಎಂಬ ದೈತ್ಯ, ತಾನು ಮೆಚ್ಚಿದ ಹುಡುಗಿ ಸತ್ತಾಗ ಅತ್ತ ಕಣ್ಣೀರ ಹನಿಗಳಂತೆ.

ಅತ್ತೆ ಎರಡನ್ನೂ ಕೇಳಿ, ಒಂದು ನಿಮಿಷ ನೋಡಿ, "ರಾಗಿಮುದ್ದೆ ಸಾಲಾಗಿ ಇಟ್ಟ ಹಾಗಿದೆ" ಅಂದರು. ಅದಾದ ಮೇಲೆ ನಮಗ್ಯಾರಿಗೂ ಚಾಕೊಲೇಟ್ ಕಾಣಲೇ ಇಲ್ಲ.

ಕಾರ್ಮೆನ್ ಊರಿನ ವೀಕ್ಷಣಾ ತಾಣಕ್ಕೆ 214 ಮೆಟ್ಟಿಲು. ಅತ್ತೆ ಅಲ್ಲಲ್ಲಿ ಕೂತು ಅರ್ಧ ಗಂಟೆಯಲ್ಲಿ ಹತ್ತಿದರು. ಎಂಟು ಗಂಟೆಯೊಳಗೆ ಹೋಗಿ, ಬಿಸಿಲೂ ಇಲ್ಲ, ಬಸ್ಸುಗಳೂ ಇಲ್ಲ. 2023ರಲ್ಲಿ ಬೊಹೊಲ್ ಫಿಲಿಪ್ಪೀನ್ಸ್‌ನ ಮೊದಲ ಯುನೆಸ್ಕೊ ಜಿಯೊಪಾರ್ಕ್, ಅಂದರೆ ನೆಲದ ರಚನೆಯ ಮಹತ್ವಕ್ಕಾಗಿ ಗುರುತಿಸಿದ ತಾಣ ಆಯಿತು. ಆಮೇಲೆ 2024ರಲ್ಲಿ ಇದೇ ಗುಡ್ಡಗಳ ಬುಡದಲ್ಲಿ ಒಂದು ಈಜುಕೊಳದ ರೆಸಾರ್ಟ್ ಎದ್ದಿರುವ ವಿಡಿಯೊ ಹರಿದಾಡಿ ದೊಡ್ಡ ಗಲಾಟೆಯೂ ಆಯಿತು. ನಂದಿಬೆಟ್ಟದ ಸುತ್ತ ನೋಡಿದವರಿಗೆ ಹೊಸದೇನಲ್ಲ.

ಟಾರ್ಸಿಯರ್ ಎಂದರೇನು? ಮಕ್ಕಳು ಎತ್ತಿಕೊಳ್ಳಬಹುದಾ?

ಎತ್ತಿಕೊಳ್ಳುವುದು ದೂರ, ಹತ್ತಿರ ನಿಂತು ಮಾತಾಡುವುದೂ ತಪ್ಪು. ನಮ್ಮ ಕಾಡುಪಾಪ ಗೊತ್ತಲ್ವಾ? ಅದರ ದೂರದ ನೆಂಟ ಅನ್ನಿ. ಮುಷ್ಟಿಯಷ್ಟು ಗಾತ್ರ, ರಾತ್ರಿ ಓಡಾಟ, ಹುಳ ಹುಪ್ಪಟೆಯೇ ಊಟ. ಒಂದೊಂದು ಕಣ್ಣೂ ಅದರ ಮೆದುಳಿನಷ್ಟು ದೊಡ್ಡದು. ಕಣ್ಣುಗುಡ್ಡೆ ಹೊರಳುವುದಿಲ್ಲ, ಅದಕ್ಕೇ ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತದೆ. ಬಹಳ ಅಂಜುಬುರುಕ. ಗದ್ದಲ, ಫ್ಲ್ಯಾಷ್, ಪಂಜರ ಇವುಗಳಿಂದ ಕಂಗೆಟ್ಟರೆ ತಲೆ ಚಚ್ಚಿಕೊಂಡು ಸಾಯುವುದೂ ಉಂಟು.

ಕೊರೆಲ್ಲಾ ಊರಿನ ಅಭಯಾರಣ್ಯಕ್ಕೆ ಹೋಗಿ. ಅಲ್ಲಿ ಅವು ಮರದಲ್ಲಿ ತಮ್ಮಷ್ಟಕ್ಕೆ ಇರುತ್ತವೆ, ಗೈಡ್ ಪಿಸುಮಾತಿನಲ್ಲಿ ಬೆರಳು ತೋರಿಸುತ್ತಾರೆ. ಒಂದೋ ಎರಡೋ ಕಂಡರೆ ಪುಣ್ಯ. ಮಗಳು ಎಲೆಯ ಮರೆಯಲ್ಲಿ ಅದನ್ನು ಕಂಡಾಗ ಉಸಿರೇ ಬಿಡದೆ ನಿಂತಿದ್ದಳು. ಇಡೀ ಪ್ರವಾಸದಲ್ಲಿ ಅವಳು ಎರಡು ನಿಮಿಷ ಸುಮ್ಮನಿದ್ದದ್ದು ಅದೊಂದೇ ಸಲ.

ನೀರಿಗಿಳಿಯದ ಹಿರಿಯರಿಗೆ ಏನಿದೆ?

ಲೊಬೊಕ್ ಹೊಳೆ. ತೇಲುವ ತೆಪ್ಪದ ಮೇಲೆ ಊಟ, ಎರಡೂ ಬದಿಗೆ ತೆಂಗು, ಸುಮಾರು ಒಂದು ಗಂಟೆಯ ಸುತ್ತು. ಊಟ ಅಷ್ಟಕ್ಕಷ್ಟೇ, ಹೊಳೆ ಚೆಂದ. ದಾರಿಯಲ್ಲಿ ಬಕ್ಲಾಯೊನ್‌ನ ಚರ್ಚು ಇದೆ. ಹವಳದ ಕಲ್ಲು ಕಡಿದು ಕಟ್ಟಿದ್ದು, 1727ರಲ್ಲಿ ಮುಗಿಯಿತು. ಗಾರೆಗೆ ಮೊಟ್ಟೆಯ ಬಿಳಿ ಬೆರೆಸಿದ್ದರು ಎನ್ನುತ್ತಾರೆ. ನಮ್ಮ ಹಳೇ ಕೋಟೆಗಳ ಬಗ್ಗೆ ಬೆಲ್ಲ, ಸುಣ್ಣ ಅನ್ನುವ ಹಾಗೆ. ಪಂಗ್ಲಾವ್‌ನಲ್ಲೇ ಇರುವ ಹಿನಗ್ದಾನನ್ ಗುಹೆಯ ಕೊಳವೂ ತಂಪು, ಆದರೆ ಮೆಟ್ಟಿಲು ಒದ್ದೆ. ಅತ್ತೆಯನ್ನು ಮೇಲೆಯೇ ಎಳನೀರು ಕುಡಿಯಲು ಕೂರಿಸಿದೆವು.

ಸಸ್ಯಾಹಾರಿಗಳು ಉಪವಾಸ ಬೀಳುತ್ತಾರಾ?

ತಯಾರಿ ಇಲ್ಲದೆ ಹೋದರೆ ಹೌದು. ಇಲ್ಲಿ ತರಕಾರಿ ಎಂದರೂ ಅದರಲ್ಲಿ ಹಂದಿ ಮಾಂಸದ ಚೂರು ಅಥವಾ ಸಿಗಡಿ, ಮೀನು ಕೊಳೆಹಾಕಿದ ಗಿನಮೊಸ್ ಇರುತ್ತದೆ. "ವೆಜಿಟೇರಿಯನ್" ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರೇ ಜಾಸ್ತಿ. "ವಲಾಯ್ ಕಾರ್ನೆ, ವಲಾಯ್ ಇಸ್ದಾ, ವಲಾಯ್ ಗಿನಮೊಸ್" ಅಂತ ಬಿಡಿಸಿ ಹೇಳಿ. ಮಾಂಸ ಬೇಡ, ಮೀನು ಬೇಡ, ಗಿನಮೊಸ್ ಬೇಡ ಅಂತ. ಅಲೋನಾ ಸುತ್ತ ಭಾರತೀಯ ಊಟದ ಹೋಟೆಲುಗಳೂ ಇವೆ, ಆದರೆ ದಿನಾ ಹೋದರೆ ಜೇಬಿಗೆ ಭಾರ.

ನಾವು ಅಡಿಗೆಮನೆ ಇರುವ ಮನೆ ಹಿಡಿದದ್ದು ಇದಕ್ಕೇ. ಚಿಕ್ಕ ಕುಕ್ಕರ್, ಸಾರಿನ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಒಯ್ದಿದ್ದೆವು. ಮಾರ್ಕೆಟ್ಟಿಗೆ ಹೋದ ದಿನ ಅತ್ತೆಯ ಮುಖ ಅರಳಿತು. ಬದನೆ, ಬೆಂಡೆ, ಕುಂಬಳ, ಹಲಸು, ಕಟ್ಟು ಕಟ್ಟಾಗಿ ನುಗ್ಗೆ ಸೊಪ್ಪು. ಅಲ್ಲಿ ಅದಕ್ಕೆ ಕಮುಂಗ್ಗಾಯ್ ಅನ್ನುತ್ತಾರೆ, ಮನೆಮನೆಯ ಬೇಲಿಯಲ್ಲೂ ಇದೆ. ಮಾರುವ ಹೆಂಗಸಿಗೆ ಅತ್ತೆ ಕನ್ನಡದಲ್ಲೇ ಸೊಪ್ಪು ಬಿಡಿಸುವ ಕ್ರಮ ಹೇಳಿದರು. ಆಕೆ ಅಲ್ಲಿನ ಬಿಸಾಯ ಭಾಷೆಯಲ್ಲಿ ಏನೋ ಹೇಳಿದರು. ಇಬ್ಬರೂ ತಲೆಯಾಡಿಸಿದರು.

ಅಕ್ಕಿ ತಿಂಡಿಗಳು ನಮ್ಮ ನಾಲಿಗೆಗೆ ಹತ್ತಿರ. ಪೂತೊ ನೋಡಲು ಇಡ್ಲಿ, ರುಚಿ ಸಿಹಿ. ಕೆಲವದರಲ್ಲಿ ಮೊಟ್ಟೆ ಇರುತ್ತದೆ, ಕೇಳಿ ತಿನ್ನಿ. ಪುಸೊ ಎಂದರೆ ಹೆಣೆದ ತೆಂಗಿನ ಗರಿಯೊಳಗೆ ಬೇಯಿಸಿದ ಅನ್ನ, ಕರಾವಳಿಯವರು ನೋಡಿದರೆ ಮೂಡೆ ನೆನಪಾಗುತ್ತದೆ. ಮಾವಿನ ಕಾಲವೂ ಅದೇ. ಉಬೆ ಎಂಬ ನೇರಳೆ ಗೆಣಸಿನ ಐಸ್‌ಕ್ರೀಮ್ ಮಕ್ಕಳಿಗೆ ದಿನಾ ಬೇಕಾಯಿತು. ಬೊಹೊಲ್‌ನವರಿಗೆ ಉಬೆ ಮೇಲೆ ಎಷ್ಟು ಗೌರವ ಎಂದರೆ, ಕೈ ಜಾರಿ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲವೇ, ಹಾಗೆ.

ನಲ್ಲಿ ನೀರು ಕುಡಿಯಬೇಡಿ. ದೊಡ್ಡ ಕ್ಯಾನ್ ತರಿಸಿಕೊಳ್ಳಿ.

ಖರ್ಚು, ದುಡ್ಡಿನ ವ್ಯವಹಾರ ಹೇಗೆ?

ಒಂದು ಪೆಸೊ ಎಂದರೆ ಸುಮಾರು ಒಂದೂವರೆ ರೂಪಾಯಿ. ಬಜೆಟ್ಟಿನಲ್ಲಿ ದೊಡ್ಡ ಪಾಲು ವಿಮಾನದ್ದೇ. ಅಲ್ಲಿ ಇಳಿದ ಮೇಲೆ ಗೋವಾದ ಖರ್ಚು ಅಂದಾಜು ಇಟ್ಟುಕೊಳ್ಳಿ. ಒಳನಾಡು ಸುತ್ತಲು ನಾವು ಡ್ರೈವರ್ ಸಮೇತ ವ್ಯಾನನ್ನು ದಿನಕ್ಕೆ 3,000 ಪೆಸೊಗೆ ಮಾತಾಡಿಕೊಂಡೆವು, ಐದು ಜನಕ್ಕೆ ಅದೇ ಲಾಭ. ಹತ್ತಿರದ ಓಡಾಟಕ್ಕೆ ಟ್ರೈಸಿಕಲ್ ಇದೆ, ಬೈಕಿಗೆ ಪಕ್ಕದ ಡಬ್ಬಿ ಜೋಡಿಸಿದ ಆಟೋ. ಹತ್ತುವ ಮೊದಲೇ ರೇಟು ಮಾತಾಡಿ. ಯುಪಿಐ ಅಭ್ಯಾಸವಾದವರು ನಗದು ಇಡುವುದನ್ನೇ ಮರೆತಿರುತ್ತೇವೆ, ಅಲ್ಲಿ ಚಿಕ್ಕ ಅಂಗಡಿಗೆ ನಗದೇ ಬೇಕು. ಎಟಿಎಂ ಪ್ರತಿ ಸಲ ಶುಲ್ಕ ಹಿಡಿಯುತ್ತದೆ, ಒಮ್ಮೆಲೇ ತೆಗೆದಿಟ್ಟುಕೊಳ್ಳಿ. 200 ಪೆಸೊ ನೋಟಿನ ಹಿಂಬದಿ ನೋಡಿ, ಚಾಕೊಲೇಟ್ ಹಿಲ್ಸ್ ಮತ್ತು ಟಾರ್ಸಿಯರ್ ಎರಡೂ ಇವೆ.

ಭಾಷೆ ಕಷ್ಟ ಆಗುವುದಿಲ್ವಾ?

ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಊರಿನ ಮಾತು ಬಿಸಾಯ. "ಸಲಾಮತ್" ಎಂದರೆ ಧನ್ಯವಾದ, "ಪಿಲಾ?" ಎಂದರೆ ಎಷ್ಟು, "ಲಮಿ" ಎಂದರೆ ರುಚಿ. ಬೆಲೆ ಮಾತ್ರ ಸ್ಪ್ಯಾನಿಷ್ ಲೆಕ್ಕದಲ್ಲಿ ಹೇಳುತ್ತಾರೆ, ಬೈಂತೆ ಎಂದರೆ 20, ಸಿಂಕ್ವೆಂತ ಎಂದರೆ 50. ಮನೆ ಬಾಗಿಲಲ್ಲಿ ನಿಂತು "ಆಯೋ!" ಅಂತ ಕೂಗಿದರೆ ಗಾಬರಿ ಬೇಡ, ಯಾರಾದರೂ ಇದ್ದೀರಾ ಅಂತ ಕೇಳುವುದು. ಮೊದಲ ದಿನ ನಾವೆಲ್ಲ ಎದ್ದು ಓಡಿದ್ದೆವು, ಯಾರಿಗೋ ಏನೋ ಆಯಿತು ಅಂತ. ದೇಶದ ದೊಡ್ಡ ಭಾಷೆ ತಗಲಾಗ್‌ನಲ್ಲಿ ಗುರುವಿಗೆ ಗುರೊ, ಮುಖಕ್ಕೆ ಮುಖಾ. ಸಂಸ್ಕೃತ ಅಲ್ಲಿಗೂ ಹೋಗಿ ಕೂತಿದೆ.

ಇನ್ನೊಂದು, ಹಿರಿಯರ ಕೈ ಹಿಡಿದು ತಮ್ಮ ಹಣೆಗೆ ತಾಗಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಮನೆಯ ಮಾಲೀಕರ ಮೊಮ್ಮಗಳು ಅತ್ತೆಗೆ ಹಾಗೆ ಮಾಡಿದಳು. ಅತ್ತೆ ಕೂಡಲೇ ಪರ್ಸಿಗೆ ಕೈ ಹಾಕಿ ನೂರು ಪೆಸೊ ಕೊಟ್ಟರು. ಮಾರನೇ ದಿನ ನಾಲ್ಕು ಮಕ್ಕಳು ಬಂದವು.

ಭೂಕಂಪದ ಊರಂತೆ ಹೌದಾ?

ಹೌದು. 2013ರ ಅಕ್ಟೋಬರ್ 15ರಂದು 7.2 ತೀವ್ರತೆಯ ಕಂಪನವಾಗಿ ಲೊಬೊಕ್, ಬಕ್ಲಾಯೊನ್ ಚರ್ಚುಗಳ ಕೆಲವು ಭಾಗಗಳೇ ಕುಸಿದಿದ್ದವು, ಆಮೇಲೆ ಮತ್ತೆ ಕಟ್ಟಿದರು. ಅದಕ್ಕಾಗಿ ಪ್ರವಾಸ ಬಿಡಬೇಕಿಲ್ಲ. ಪ್ರಯಾಣ ವಿಮೆ ಮಾತ್ರ ಮಾಡಿಸಿ.

ತಿಮಿಂಗಿಲ ಶಾರ್ಕ್ ಜೊತೆ ಈಜುವ ಟೂರ್?

ಸೆಬುವಿನ ಒಸ್ಲೊಬ್‌ನಲ್ಲಿ ಸೀಗಡಿ ಹಾಕಿ ಹಾಕಿ ಅವನ್ನು ದಂಡೆಗೆ ರೂಢಿ ಮಾಡಿಸಿದ್ದಾರೆ. ನಾವು ಹೋಗಲಿಲ್ಲ.

ಪ್ಲಗ್, ಸಿಮ್, ಸಮಯ?

ಚಪ್ಪಟೆ ಎರಡು ಕಡ್ಡಿಯ ಪ್ಲಗ್ ಜಾಸ್ತಿ, ಅಡಾಪ್ಟರ್ ಒಯ್ಯಿರಿ. ವೋಲ್ಟೇಜ್ 220, ಕುಕ್ಕರಿಗೆ ತೊಂದರೆ ಇಲ್ಲ. ಸಿಮ್ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ. ಗಡಿಯಾರ ಎರಡೂವರೆ ಗಂಟೆ ಮುಂದೆ. ಮಕ್ಕಳು ಮೊದಲ ಬೆಳಿಗ್ಗೆ ಏಳಲು ಹಟ ಮಾಡುತ್ತಾರೆ, ಆಮೇಲೆ ಸರಿ ಹೋಗುತ್ತಾರೆ.

ಬರುವಾಗ ಏನು ತರಬೇಕು?

ಕಲಮಾಯ್. ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆ ಹಾಕಿ ಗಂಟೆಗಟ್ಟಲೆ ತಿರುವಿದ ಸಿಹಿ. ನಮ್ಮ ಹಾಲುಬಾಯಿಗೆ ಬೆಲ್ಲದ ಪಾಕ ಬೆರೆತ ಹಾಗೆ. ಇದನ್ನು ಎರಡು ಕರಟಗಳ ನಡುವೆ ತುಂಬಿ, ಸೇರುವ ಕಡೆ ಕೆಂಪು ಕಾಗದ ಸುತ್ತಿ ಮಾರುತ್ತಾರೆ. ಚೆಕ್-ಇನ್ ಲಗೇಜಿನಲ್ಲೇ ಹಾಕಿ. ನಾವು ಕೈಚೀಲದಲ್ಲಿ ಇಟ್ಟು, ಸ್ಕ್ಯಾನರ್‌ನಲ್ಲಿ ನಾಲ್ಕು ಉಂಡೆ ಕಂಡು, ಬ್ಯಾಗು ಪೂರ್ತಿ ಬಿಚ್ಚಿಸಿದರು. ತಪಾಸಣೆಯವರು ಕಲಮಾಯ್ ನೋಡಿ ನಕ್ಕು ಬಿಟ್ಟುಬಿಟ್ಟರು. ಅತ್ತೆ ಆ ಕರಟಗಳನ್ನು ತೊಳೆದು ಇಟ್ಟುಕೊಂಡಿದ್ದಾರೆ. ಒಂದರಲ್ಲಿ ಈಗ ಉಪ್ಪು ಇದೆ.